ಗುಲಾಬಿ-ನೇರಳೆ ಪೆನ್ಸಿಲ್ ಹಿಡಿದು ಅಂಗಾಂಶ ಓದುವುದು ಹೇಗೆ?

"ಸರ್, ಅಟ್ಲಾಸ್‌ನಲ್ಲಿ ಇದ್ದ ಹಾಗೆ ಈ ಸ್ಲೈಡ್ ಇಲ್ಲ." ಅಂಗಾಂಶಶಾಸ್ತ್ರದ ಪ್ರಾಯೋಗಿಕ ತರಗತಿಯಲ್ಲಿ ಪ್ರತಿವರ್ಷ ಕಿವಿಗೆ ಬೀಳುವ ಮಾತಿದು. ಹೇಳುವ ವಿದ್ಯಾರ್ಥಿಯ ರೆಕಾರ್ಡ್ ತೆರೆದು ನೋಡಿದರೆ ಚಿತ್ರಗಳು ಅಚ್ಚುಕಟ್ಟಾಗಿರುತ್ತವೆ, ಗೆರೆ ಎಲ್ಲೂ ಅಲುಗಿಲ್ಲ, ಬಣ್ಣ ಹದವಾಗಿದೆ. ಆದರೆ ಸ್ಪಾಟರ್ಸ್ ಪರೀಕ್ಷೆಯಲ್ಲಿ ಗಂಟೆ ಬಾರಿಸುವಷ್ಟರಲ್ಲಿ ಎದುರಿಗಿರುವುದು ಗುಲ್ಮವೋ ದುಗ್ಧಗ್ರಂಥಿಯೋ ಹೇಳಲಾಗದೆ ಅದೇ ವಿದ್ಯಾರ್ಥಿ ತಡಬಡಾಯಿಸುತ್ತಾನೆ. ಓದಿಲ್ಲ ಎಂದಲ್ಲ. ಅವನು ಬಿಡಿಸಿದ್ದು ಪುಸ್ತಕದ ಚಿತ್ರವನ್ನು, ಸ್ಲೈಡನ್ನಲ್ಲ. ಪಕ್ಕದಲ್ಲಿ ಸೂಕ್ಷ್ಮದರ್ಶಕದ ದೀಪವನ್ನೇ ಹಚ್ಚದೆ, ಅಟ್ಲಾಸ್ ತೆರೆದಿಟ್ಟುಕೊಂಡು ರೆಕಾರ್ಡ್ ತುಂಬುತ್ತಿದ್ದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನೀವು ಎಂಬಿಬಿಎಸ್, ಬಿಡಿಎಸ್, ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಅಥವಾ ಬಿಎಸ್‌ಸಿ ಪ್ರಾಣಿಶಾಸ್ತ್ರ ಓದುತ್ತಿದ್ದರೆ ಈ ಲೇಖನ ನಿಮಗಾಗಿ. ಒಂಬತ್ತನೇ ತರಗತಿಯ ಅಂಗಾಂಶಗಳ ಪಾಠ ಮಾಡುವ ಶಿಕ್ಷಕರಿಗೂ ಇದರಲ್ಲಿ ಕೆಲವು ಸಂಗತಿಗಳು ಉಪಯೋಗಕ್ಕೆ ಬರಬಹುದು.

ಹಿನ್ನೆಲೆ ಎರಡು ಮಾತಿನಲ್ಲಿ. ಫ್ರಾನ್ಸಿನ ಬಿಶಾ ಎಂಬ ವೈದ್ಯ ಸೂಕ್ಷ್ಮದರ್ಶಕ ಮುಟ್ಟದೆಯೇ ದೇಹದಲ್ಲಿ 21 ಬಗೆಯ ಅಂಗಾಂಶಗಳಿವೆ ಎಂದು ಪಟ್ಟಿ ಮಾಡಿದ. 1802ರಲ್ಲಿ ತೀರಿಕೊಂಡಾಗ ಅವನಿಗೆ ಇನ್ನೂ ಮೂವತ್ತೊಂದು ತುಂಬಿರಲಿಲ್ಲ. ಇಂದು ನಾವು ಆ ಪಟ್ಟಿಯನ್ನು ನಾಲ್ಕಕ್ಕೆ ಇಳಿಸಿಕೊಂಡಿದ್ದೇವೆ: ಅನುಲೇಪಕ, ಸಂಯೋಜಕ, ಸ್ನಾಯು, ನರ. ಇನ್ನೊಂದು ಕಥೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು. ಇಟಲಿಯ ಗಾಲ್ಜಿ ಮತ್ತು ಸ್ಪೇನಿನ ಕಹಾಲ್ ಇಬ್ಬರೂ ಮೆದುಳಿನ ಚೂರುಗಳಿಗೆ ಒಂದೇ ಬೆಳ್ಳಿಯ ಬಣ್ಣ ಹಾಕಿ ನೋಡಿದರು. ಗಾಲ್ಜಿಗೆ ಎಲ್ಲವೂ ಒಂದಕ್ಕೊಂದು ಬೆಸೆದ ಬಲೆಯಾಗಿ ಕಂಡಿತು. ಬಾಲ್ಯದಲ್ಲಿ ಚಿತ್ರಕಾರನಾಗಬೇಕೆಂದಿದ್ದ ಕಹಾಲ್ ಸಾವಿರಾರು ಚಿತ್ರ ಬಿಡಿಸಿ, ನರಕೋಶಗಳು ಬಿಡಿಬಿಡಿಯಾಗಿವೆ ಎಂದ. ಸರಿಯಾಗಿದ್ದುದು ಕಹಾಲ್ ಮಾತು. 1906ರ ನೊಬೆಲ್ ಬಹುಮಾನವನ್ನು ಮಾತ್ರ ಇಬ್ಬರಿಗೂ ಹಂಚಿ ಕೊಟ್ಟರು.

ಸ್ಲೈಡಿನ ಮೇಲೆ ನಿಜವಾಗಿ ಏನಿದೆ?

ಹಂತಗಳಿಗೆ ಹೋಗುವ ಮೊದಲು ಇದು ಗೊತ್ತಿರಲೇಬೇಕು. ಅಂಗಾಂಶದ ತುಂಡನ್ನು ಫಾರ್ಮಾಲಿನ್‌ನಲ್ಲಿ ಇಟ್ಟು ಕೆಡದಂತೆ ಮಾಡುತ್ತಾರೆ. ಆಲ್ಕೋಹಾಲ್‌ನಿಂದ ಅದರ ನೀರು ತೆಗೆದು, ಜೈಲೀನ್‌ನಲ್ಲಿ ಅದ್ದಿ, ಕರಗಿಸಿದ ಪ್ಯಾರಾಫಿನ್ ಮೇಣದಲ್ಲಿ ಹುದುಗಿಸುತ್ತಾರೆ. ಆ ಮೇಣದ ಅಚ್ಚನ್ನು ಮೈಕ್ರೋಟೋಮ್ ಎಂಬ ಯಂತ್ರದಲ್ಲಿ ಸುಮಾರು 5 ಮೈಕ್ರೋಮೀಟರ್ ದಪ್ಪಕ್ಕೆ ಸೀಳುತ್ತಾರೆ. ಅಂದರೆ ಒಂದು ಮಿಲಿಮೀಟರಿನಲ್ಲಿ ಇನ್ನೂರು ಪದರ. ಆಮೇಲೆ ಬಣ್ಣ.

ಈ ದಾರಿಯಲ್ಲಿ ಅಂಗಾಂಶ ಕುಗ್ಗುತ್ತದೆ, ಕೆಲವು ವಸ್ತು ಕರಗಿ ಹೋಗುತ್ತವೆ. ಕೊಬ್ಬಿನ ಕೋಶಗಳು ಸ್ಲೈಡಿನಲ್ಲಿ ಖಾಲಿ ಗುಳ್ಳೆಗಳಂತೆ ಕಾಣುವುದು ಅವುಗಳೊಳಗಿನ ಕೊಬ್ಬನ್ನು ಆಲ್ಕೋಹಾಲ್, ಜೈಲೀನ್‌ಗಳು ಕರಗಿಸಿ ಒಯ್ದಿರುವುದರಿಂದ. ಬದುಕಿರುವಾಗ ಅವು ಕೊಬ್ಬಿನಿಂದ ಬಿಗಿಯಾಗಿ ತುಂಬಿರುತ್ತವೆ. ಕಾರಣ ತಿಳಿಯದವರು ಅವನ್ನು ರಕ್ತನಾಳ ಎಂದು ಗುರುತಿಸಿಬಿಡುತ್ತಾರೆ.

ಇನ್ನು ಬಣ್ಣದ ಗುಟ್ಟು. ನಿಮ್ಮ ಕೈಗೆ ಬರುವ ಸ್ಲೈಡುಗಳಲ್ಲಿ ಹೆಚ್ಚಿನವು ಎಚ್ ಅಂಡ್ ಇ, ಅಂದರೆ ಹಿಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣದವು. ಹಿಮಟಾಕ್ಸಿಲಿನ್ ಮಧ್ಯ ಅಮೆರಿಕದ ಲಾಗ್‌ವುಡ್ ಮರದ ತಿರುಳಿನಿಂದ ಬರುವ ಬಣ್ಣ. ಅದೊಂದೇ ಇದ್ದರೆ ಅಂಗಾಂಶಕ್ಕೆ ಸರಿಯಾಗಿ ಅಂಟುವುದಿಲ್ಲ. ಬಟ್ಟೆಗೆ ಬಣ್ಣ ಹಿಡಿಸುವವರು ಪಟಿಕ ಬೆರೆಸುವ ಹಾಗೆ ಇಲ್ಲಿಯೂ ಪಟಿಕ ಬೇಕು. ಪಟಿಕದ ಜೊತೆ ಸೇರಿದ ಬಣ್ಣಕ್ಕೆ ಧನ ವಿದ್ಯುದಂಶ ಬರುತ್ತದೆ, ಋಣ ವಿದ್ಯುದಂಶವಿರುವ ಡಿಎನ್‌ಎ, ಆರ್‌ಎನ್‌ಎಗಳನ್ನು ಹೋಗಿ ಹಿಡಿಯುತ್ತದೆ. ಹಾಗಾಗಿ ಕೋಶಕೇಂದ್ರ ನೇರಳೆ. ಇಯೋಸಿನ್‌ನದು ಇದಕ್ಕೆ ವಿರುದ್ಧ ಗುಣ. ಅದು ಕೋಶದ್ರವ್ಯದ ಪ್ರೋಟೀನು, ಕೊಲಾಜೆನ್ ಎಳೆ, ಸ್ನಾಯು, ಕೆಂಪು ರಕ್ತಕಣಗಳನ್ನು ಹಿಡಿದು ಗುಲಾಬಿ ಮಾಡುತ್ತದೆ.

ಇಷ್ಟು ತಿಳಿದರೆ ಬಣ್ಣವೇ ಸುದ್ದಿ ಹೇಳತೊಡಗುತ್ತದೆ. ಒಂದು ಜಾಗ ಪೂರ್ತಿ ನೇರಳೆಯಾಗಿದೆ ಎಂದರೆ ಅಲ್ಲಿ ಕೋಶಕೇಂದ್ರಗಳು ಕಿಕ್ಕಿರಿದಿವೆ. ದುಗ್ಧಗ್ರಂಥಿ, ಥೈಮಸ್ ಕಾಣುವುದು ಹೀಗೆ. ಮೇದೋಜೀರಕ ಗ್ರಂಥಿಯ ಕೋಶದ ಬುಡ ನೇರಳೆ, ತುದಿ ಗುಲಾಬಿ ಆಗಿದ್ದರೆ, ಬುಡದಲ್ಲಿ ಪ್ರೋಟೀನು ತಯಾರಿಸುವ ಆರ್‌ಎನ್‌ಎ ತುಂಬಿದೆ, ತುದಿಯಲ್ಲಿ ತಯಾರಾದ ಕಿಣ್ವಗಳು ಕೂತಿವೆ ಎಂದು ಅರ್ಥ.

ಬೆಂಡೆಕಾಯಿ ಮತ್ತು ಬೇಯಿಸಿದ ಮೊಟ್ಟೆ

ಸ್ಲೈಡು ಚಪ್ಪಟೆ, ದೇಹ ಚಪ್ಪಟೆಯಲ್ಲ. ಗೊಂದಲದ ಮುಕ್ಕಾಲು ಪಾಲು ಇಲ್ಲೇ ಹುಟ್ಟುತ್ತದೆ. ಇದನ್ನು ಅಡುಗೆಮನೆಯಲ್ಲೇ ಕಲಿಯಬಹುದು, ನಿಜವಾಗಿಯೂ ಮಾಡಿ ನೋಡಿ.

ಒಂದು ಬೆಂಡೆಕಾಯಿಯನ್ನು ಅಡ್ಡ ಹೆಚ್ಚಿ: ಐದು ಕೋಣೆ, ನಡುವೆ ಬೀಜ. ಇನ್ನೊಂದನ್ನು ಓರೆಯಾಗಿ ಹೆಚ್ಚಿ: ಅದೇ ಕೋಣೆಗಳು ಎಳೆದಂತೆ ಉದ್ದವಾಗಿವೆ. ಮೂರನೆಯದನ್ನು ಉದ್ದಕ್ಕೆ ಸೀಳಿ: ಎರಡು ಗೋಡೆ, ನಡುವೆ ಬೀಜದ ಸಾಲು. ನಾಲ್ಕನೆಯದರ ಅಂಚನ್ನು ಮಾತ್ರ ತೆಳ್ಳಗೆ ಕೆತ್ತಿ: ಬರೀ ಹಸಿರು ಸಿಪ್ಪೆ, ಕೋಣೆಯೂ ಇಲ್ಲ, ಬೀಜವೂ ಇಲ್ಲ. ಬೆಂಡೆಕಾಯಿ ಒಂದೇ, ಚಿತ್ರ ನಾಲ್ಕು. ಮೂತ್ರಪಿಂಡದ ಸ್ಲೈಡಿನಲ್ಲಿ ದುಂಡನೆಯ, ಉದ್ದನೆಯ, ನಡುವೆ ಪೊಳ್ಳೇ ಇಲ್ಲದ ನಾಳಗಳು ಅಕ್ಕಪಕ್ಕ ಕಾಣುವುದು ಇದೇ ಕಾರಣಕ್ಕೆ. ಪುರುಷರ ಎಪಿಡಿಡಿಮಿಸ್‌ನಲ್ಲಿ ಇರುವುದು ಸುಮಾರು 6 ಮೀಟರ್ ಉದ್ದದ ಒಂದೇ ಒಂದು ನಾಳ. ಸುರುಳಿ ಸುತ್ತಿಕೊಂಡಿರುವುದರಿಂದ ಸ್ಲೈಡಿನಲ್ಲಿ ಹತ್ತಾರು ಉಂಗುರಗಳಾಗಿ ಕಾಣುತ್ತದೆ.

ಮೊಟ್ಟೆಯನ್ನು ಬೇಯಿಸಿ ಹತ್ತು ಬಿಲ್ಲೆ ಮಾಡಿ. ಎರಡೂ ತುದಿಯ ಬಿಲ್ಲೆಗಳಲ್ಲಿ ಹಳದಿ ಭಾಗ ಇರುವುದೇ ಇಲ್ಲ. ಸ್ಲೈಡಿನಲ್ಲಿ ಕೋಶಕೇಂದ್ರ ಕಾಣದ ಕೋಶವನ್ನು ಕಂಡು ಗಾಬರಿಯಾಗುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ದೊಡ್ಡ ನರಕೋಶಗಳಲ್ಲಿ ಇದು ಮೇಲಿಂದ ಮೇಲೆ ಎದುರಾಗುತ್ತದೆ.

ನೋಡಿ ಬಿಡಿಸುವ ಕ್ರಮ

ಬಿಡಿಸುವುದರಿಂದ ಏಕೆ ಕಲಿಯುತ್ತೇವೆ? ಬರೀ ನೋಡುವಾಗ ಕಣ್ಣು ಜಾರಿಕೊಂಡು ಹೋಗುತ್ತದೆ. ಪೆನ್ಸಿಲ್ ಕೈಗೆ ಬಂದ ಕೂಡಲೇ ಪ್ರಶ್ನೆಗಳು ಏಳುತ್ತವೆ: ಈ ಗೆರೆ ಎಲ್ಲಿ ನಿಲ್ಲುತ್ತದೆ? ಕೋಶಕೇಂದ್ರಗಳು ಎಷ್ಟು ಸಾಲು? ಈ ಪದರ ಆ ಪದರಕ್ಕಿಂತ ಎಷ್ಟು ದಪ್ಪ? ಉತ್ತರಕ್ಕಾಗಿ ಮತ್ತೆ ಐಪೀಸಿಗೆ ಕಣ್ಣು ಹಚ್ಚಲೇಬೇಕಾಗುತ್ತದೆ. ಆ ಹೋಗಿಬರುವ ಓಡಾಟದಲ್ಲೇ ಕಲಿಕೆ ಆಗುತ್ತದೆ.

1. ಸ್ಲೈಡನ್ನು ಮೊದಲು ಬಿಳಿ ಹಾಳೆಯ ಮೇಲಿಟ್ಟು ಬರಿಗಣ್ಣಿನಿಂದ ನೋಡಿ. ದುಂಡಗಿದೆಯೋ, ಪಟ್ಟಿಯಂತಿದೆಯೋ, ನಡುವೆ ತೂತಿದೆಯೋ, ಎಲ್ಲಿ ನೇರಳೆ ಗಾಢ? ಅರ್ಧ ಉತ್ತರ ಇಲ್ಲೇ ಸಿಗುವುದುಂಟು.

2. 4ರ ಆಬ್ಜೆಕ್ಟಿವ್‌ನಲ್ಲಿ ಇಡೀ ಸ್ಲೈಡನ್ನು ಒಂದು ಸುತ್ತು ಹಾಕಿ. ಊರಿನ ನಕ್ಷೆ ನೋಡುವ ಹಾಗೆ. ತೆರೆದ ಅಂಚು ಅಥವಾ ಪೊಳ್ಳು ಎಲ್ಲಿದೆ ಎಂದು ಹುಡುಕಿ. ಅನುಲೇಪಕ ಅಂಗಾಂಶ ಇರುವುದೇ ಅಂಚಿನಲ್ಲಿ. ಈಗಲೇ ಹಾಳೆಯ ಮೇಲೆ ಎಚ್‌ಬಿ ಪೆನ್ಸಿಲ್‌ನಲ್ಲಿ ಹೊರಗೆರೆ ಹಾಕಿ, ಅರ್ಧ ಪುಟಕ್ಕಿಂತ ಚಿಕ್ಕದು ಬೇಡ.

3. 10ಕ್ಕೆ ಬನ್ನಿ. ಪದರಗಳನ್ನು ಒಳಗಿನಿಂದ ಹೊರಗೆ ಎಣಿಸಿ. ಹೆಸರು ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. "ತೆಳು ಗುಲಾಬಿ", "ಅಲೆಅಲೆ ಎಳೆ" ಎಂದು ನಿಮ್ಮ ಮಾತಿನಲ್ಲೇ ಬರೆದುಕೊಳ್ಳಿ. ಪದರಗಳ ದಪ್ಪದ ಅನುಪಾತ ಸರಿಯಾಗಿ ಬರಲಿ.

4. 40ರಲ್ಲಿ ಕೋಶಗಳನ್ನು ನೋಡಿ. ಎಚ್ ಅಂಡ್ ಇ ಬಣ್ಣದಲ್ಲಿ ಕೋಶದ ಗಡಿ ಬಹಳ ಕಡೆ ಕಾಣುವುದಿಲ್ಲ. ಗಡಿ ಹುಡುಕುತ್ತಾ ಕೂರಬೇಡಿ, ಕೋಶಕೇಂದ್ರವನ್ನು ಕೇಳಿ. ಅದು ಚಪ್ಪಟೆಯಾಗಿದ್ದರೆ ಕೋಶವೂ ಚಪ್ಪಟೆ, ದುಂಡಗಿದ್ದರೆ ಘನಾಕೃತಿ, ನೆಟ್ಟಗೆ ನಿಂತ ಮೊಟ್ಟೆಯಂತಿದ್ದರೆ ಸ್ತಂಭಾಕೃತಿ. ಅನುಲೇಪಕಕ್ಕೆ ಸಂಬಂಧಿಸಿದಂತೆ ನಾನು ಕಲಿಸುವ ಅತ್ಯಂತ ಉಪಯುಕ್ತ ಸೂತ್ರ ಇದು.

5. ಕೆಂಪು ರಕ್ತಕಣವನ್ನು ಅಳತೆಗೋಲಾಗಿ ಬಳಸಿ. ಅದರ ಅಗಲ ಸುಮಾರು 7.5 ಮೈಕ್ರೋಮೀಟರ್, ಬಹುತೇಕ ಎಲ್ಲಾ ಅಂಗಾಂಶದ ರಕ್ತನಾಳದಲ್ಲೂ ಸಿಗುತ್ತದೆ. ಎದುರಿನ ಕೋಶ ಅದರ ಎರಡರಷ್ಟಿದ್ದರೆ 15 ಮೈಕ್ರೋಮೀಟರ್ ಎಂದುಕೊಳ್ಳಿ. ಇನ್ನೊಂದು ಉಪಾಯ: ಐಪೀಸಿನ ಮೇಲೆ 18 ಎಂದು ಕ್ಷೇತ್ರಸಂಖ್ಯೆ ಕೊಟ್ಟಿದ್ದರೆ ಅದನ್ನು ಆಬ್ಜೆಕ್ಟಿವ್ ಸಂಖ್ಯೆಯಿಂದ ಭಾಗಿಸಿ. 40ರಲ್ಲಿ ನಿಮಗೆ ಕಾಣುತ್ತಿರುವ ವೃತ್ತದ ಅಗಲ 0.45 ಮಿಲಿಮೀಟರ್.

6. ಈಗ ಬಣ್ಣ. ಗುಲಾಬಿಯನ್ನು ಹಗುರವಾಗಿ ಮೊದಲು ಹಾಕಿ, ನೇರಳೆ ಕೋಶಕೇಂದ್ರಗಳನ್ನು ಅದರ ಮೇಲೆ ಇಡಿ. ಇಡೀ ಚಿತ್ರವನ್ನು ಕೋಶಗಳಿಂದ ತುಂಬಬೇಕಿಲ್ಲ. ಒಂದು ತುಂಡನ್ನು ಸರಿಯಾಗಿ ಮಾಡಿ, ಉಳಿದದ್ದನ್ನು ಗೆರೆಯಲ್ಲಿ ಬಿಡಿ. ಎಷ್ಟರ ಲೆನ್ಸಿನಲ್ಲಿ ನೋಡಿದಿರಿ ಎಂಬುದನ್ನೂ, ಗುರುತಿಸಲು ನೆರವಾದ ಎರಡು ಮೂರು ಲಕ್ಷಣಗಳನ್ನೂ ಚಿತ್ರದ ಕೆಳಗೆ ಬರೆಯಿರಿ.

7. ಇಷ್ಟಾದ ಮೇಲೆ ಅಟ್ಲಾಸ್ ತೆರೆಯಿರಿ. ಇಂದರ್‌ಬೀರ್ ಸಿಂಗ್ ಅವರ ಪುಸ್ತಕವಿರಲಿ, ಡಿ ಫಿಯೋರೆಯ ಅಟ್ಲಾಸ್ ಇರಲಿ, ನಿಮ್ಮ ಚಿತ್ರದ ಪಕ್ಕ ಇಟ್ಟು ಹೋಲಿಸಿ. ಹೆಸರುಗಳನ್ನು ಈಗ ಹಾಕಿ. ಅಟ್ಲಾಸ್‌ನಲ್ಲಿ ಇದ್ದು ನೀವು ಕಾಣದೆ ಬಿಟ್ಟದ್ದೇನು ಎಂದು ಮತ್ತೆ ಸ್ಲೈಡಿಗೆ ಹೋಗಿ ಹುಡುಕಿ.

8. ಎರಡು ದಿನ ಬಿಟ್ಟು ಏನನ್ನೂ ನೋಡದೆ ಅದೇ ಚಿತ್ರವನ್ನು ಹಳೆಯ ನೋಟ್‌ಬುಕ್ಕಿನಲ್ಲಿ ಬಿಡಿಸಿ. ಮರೆತ ಜಾಗ ಖಾಲಿ ಉಳಿಯುತ್ತದೆ. ಓದಬೇಕಾದದ್ದು ಆ ಖಾಲಿ ಜಾಗವನ್ನೇ.

ಒಂದು ಸ್ಲೈಡ್ ಜೊತೆಯಲ್ಲಿ ನೋಡೋಣ: ಶ್ವಾಸನಾಳ

ಹಾಳೆಯ ಮೇಲಿಟ್ಟಾಗಲೇ ಬಿಲ್ಲಿನಂತೆ ಬಾಗಿದ ನೀಲಿಛಾಯೆಯ ಪಟ್ಟಿ ಎದ್ದು ಕಾಣುತ್ತದೆ. ಅದು ಮೃದ್ವಸ್ಥಿ. ಶ್ವಾಸನಾಳದಲ್ಲಿ ಇಂಥ 16ರಿಂದ 20 ಕಮಾನುಗಳಿವೆ, ಪ್ರತಿಯೊಂದೂ ಇಂಗ್ಲಿಷಿನ 'ಸಿ' ಅಕ್ಷರದ ಆಕಾರ, ಹಿಂಬದಿ ತೆರೆದಿರುತ್ತದೆ. ಆ ತೆರವಿನಲ್ಲಿ ನಯವಾದ ಸ್ನಾಯುವಿದೆ.

4ರಲ್ಲಿ ಪೊಳ್ಳಿನ ಕಡೆಯ ಅಂಚು ಹಿಡಿಯಿರಿ. ಅಲ್ಲಿಂದ ಹೊರಗೆ ಬಂದರೆ ಅನುಲೇಪಕ, ಅದರ ಕೆಳಗೆ ಸಡಿಲ ಸಂಯೋಜಕ ಅಂಗಾಂಶ, ಅಲ್ಲಲ್ಲಿ ಗ್ರಂಥಿಗಳ ಗೊಂಚಲು, ಆಮೇಲೆ ಮೃದ್ವಸ್ಥಿ, ಕೊನೆಗೆ ಹೊರಗಿನ ಸಡಿಲ ಪದರ. 10ರಲ್ಲಿ ಗ್ರಂಥಿಗಳನ್ನು ನೋಡಿದರೆ ಕೆಲವು ಗೊಂಚಲು ಮಸುಕು ಬಿಳಿ, ಕೆಲವು ಗಾಢ. ಮಸುಕಿನವು ಲೋಳೆ ಸುರಿಸುವಂಥವು, ಗಾಢವಾದವು ತೆಳು ದ್ರವ ಸುರಿಸುವಂಥವು.

40ರಲ್ಲಿ ಅನುಲೇಪಕವನ್ನು ಬಿಡಿಸುವಾಗಲೇ ಎಲ್ಲರೂ ಎಡವುವುದು. ಕೋಶಕೇಂದ್ರಗಳು ಬೇರೆ ಬೇರೆ ಎತ್ತರದಲ್ಲಿವೆ, ಹಾಗಾಗಿ ಎರಡು ಮೂರು ಸಾಲಿನ ಕೋಶಗಳು ಒಂದರ ಮೇಲೊಂದು ಕೂತಂತೆ ಭ್ರಮೆ. ಕೋಶಗಳೆಲ್ಲವೂ ಕೆಳಗಿನ ಆಧಾರಪೊರೆಯನ್ನು ಮುಟ್ಟಿರುತ್ತವೆ. ಕೆಲವು ಮೇಲಿನವರೆಗೆ ಬೆಳೆದಿವೆ, ಕೆಲವು ಗಿಡ್ಡವಾಗಿ ಉಳಿದಿವೆ, ಅಷ್ಟೆ. ಬಸ್ಸಿನಲ್ಲಿ ನಿಂತ ದೊಡ್ಡವರು, ಮಕ್ಕಳು ಎಲ್ಲರ ಕಾಲೂ ನೆಲದ ಮೇಲೇ ಇರುವ ಹಾಗೆ. ಆದ್ದರಿಂದ ಇದಕ್ಕೆ ಹುಸಿಪದರದ ಅನುಲೇಪಕ ಎಂದು ಹೆಸರು. ಅಂಚಿನಲ್ಲಿ ಸಿಲಿಯಾಗಳ ತೆಳು ಕುಂಚ, ನಡುನಡುವೆ ಖಾಲಿ ಲೋಟದಂಥ ಗಾಬ್ಲೆಟ್ ಕೋಶಗಳು. ಕೆಳಗಿನ ಆಧಾರಪೊರೆ ಶ್ವಾಸನಾಳದಲ್ಲಿ ಗುಲಾಬಿ ಗೆರೆಯಾಗಿ ಕಣ್ಣಿಗೆ ಬೀಳುವಷ್ಟು ದಪ್ಪ.

ಮೃದ್ವಸ್ಥಿಯ ನಡುಭಾಗದಲ್ಲಿ ಕೋಶಗಳು ಎರಡೆರಡು, ನಾಲ್ಕುನಾಲ್ಕು ಸೇರಿ ಗುಂಪಾಗಿವೆ. ಒಂದೇ ಕೋಶ ಒಡೆದು ಆದ ಮಕ್ಕಳು ಅವು; ಸುತ್ತಲಿನ ವಸ್ತು ಗಟ್ಟಿಯಾದ್ದರಿಂದ ದೂರ ಹೋಗಲಾಗಿಲ್ಲ. ಅಂಚಿಗೆ ಬಂದಂತೆ ಕೋಶಗಳು ಚಪ್ಪಟೆಯಾಗುತ್ತವೆ. ಕೋಶದ ಸುತ್ತ ಬಿಳಿ ತೆರವು ಕಂಡರೆ ಅದು ಕೋಶ ಕುಗ್ಗಿದ ಗುರುತು.

ಒಂದರಂತೆ ಒಂದು ಕಾಣುವವು

ಅಪಧಮನಿ ಮತ್ತು ಅಭಿಧಮನಿ: ಅಪಧಮನಿ ದುಂಡಗಿದ್ದು ನಡುಪದರ ಎಲ್ಲಕ್ಕಿಂತ ದಪ್ಪ. ಅಭಿಧಮನಿ ಮುದುಡಿಕೊಂಡಿರುತ್ತದೆ, ಹೊರಪದರ ದಪ್ಪ.

ದುಗ್ಧಗ್ರಂಥಿ, ಗುಲ್ಮ, ಥೈಮಸ್, ಟಾನ್ಸಿಲ್: ನಾಲ್ಕೂ ನೇರಳೆ ಮುದ್ದೆ. ಟಾನ್ಸಿಲ್ಲಿನ ಒಂದು ಬದಿಗೆ ಬಹುಪದರದ ಚಪ್ಪಟೆ ಅನುಲೇಪಕವಿದೆ, ಒಳಗೆ ಆಳವಾದ ಕಂದರಗಳಿವೆ. ಥೈಮಸ್‌ನ ಒಳಭಾಗದಲ್ಲಿ ಈರುಳ್ಳಿ ಸೀಳಿನಂಥ ಗುಲಾಬಿ ಸುರುಳಿಗಳು, ಹಾಸಲ್ ಕಾಯಗಳು. ಗುಲ್ಮದಲ್ಲಿ ಪ್ರತಿ ನೇರಳೆ ಗುಡ್ಡೆಯ ಪಕ್ಕಕ್ಕೆ ಒಂದು ಪುಟ್ಟ ಅಪಧಮನಿ. ಇವು ಯಾವುವೂ ಇಲ್ಲದೆ, ಹೊರಕವಚದ ಕೆಳಗೇ ತಿಳಿಯಾದ ಕಾಲುವೆ ಕಂಡರೆ ದುಗ್ಧಗ್ರಂಥಿ.

ಸಣ್ಣ ಕರುಳಿನ ಮೂರು ಭಾಗ: ಅಡಿಲೋಳೆಪದರದಲ್ಲಿ ಮಸುಕು ಗ್ರಂಥಿಗಳಿದ್ದರೆ ಡುವೋಡಿನಂ, ನೇರಳೆ ಗುಡ್ಡೆಗಳಿದ್ದರೆ ಇಲಿಯಂ, ಎರಡೂ ಇಲ್ಲದಿದ್ದರೆ ಜೆಜುನಂ.

ಸ್ನಾಯುಗಳು: ಉದ್ದ ಎಳೆಯ ಅಂಚಿನಲ್ಲಿ ಹಲವು ಕೋಶಕೇಂದ್ರ, ಅಡ್ಡಪಟ್ಟೆಗಳಿದ್ದರೆ ಅಸ್ಥಿಸ್ನಾಯು. ನಡುವೆ ಕೋಶಕೇಂದ್ರ, ಎಳೆ ಕವಲೊಡೆದಿದ್ದರೆ ಹೃದಯಸ್ನಾಯು. ಕದಿರಿನಂಥ ಕೋಶಗಳು, ಪಟ್ಟೆ ಇಲ್ಲ ಎಂದರೆ ನಯ ಸ್ನಾಯು.

ಚಿತ್ರ ಬೇರೆ, ಫೋಟೊ ಬೇರೆ

ಅಟ್ಲಾಸ್‌ನ ಕೈಚಿತ್ರ ನೂರು ಸ್ಲೈಡ್ ನೋಡಿದವರು ಕೊಟ್ಟ ಸಾರ. ಎಲ್ಲ ಲಕ್ಷಣವೂ ಒಂದೇ ಚೌಕಟ್ಟಿನಲ್ಲಿರುತ್ತವೆ. ಫೋಟೊ ಒಂದೇ ಸ್ಲೈಡಿನ ಒಂದೇ ಜಾಗ. ಅದರಲ್ಲಿ ಮಡಿಕೆ, ಬ್ಲೇಡಿನ ಗೀರು, ಗಾಳಿಗುಳ್ಳೆ ಎಲ್ಲವೂ ಇರುತ್ತವೆ. ಎರಡೂ ಬೇಕು. ಒಂದೇ ಅಂಗದ ಫೋಟೊಗಳನ್ನು ಕನಿಷ್ಠ ನಾಲ್ಕೈದು ಕಡೆಯಿಂದ ತೆಗೆದು ನೋಡಿ. ಬಣ್ಣ ಒಂದರಲ್ಲಿ ಗಾಢ, ಇನ್ನೊಂದರಲ್ಲಿ ತಿಳಿ. ಬದಲಾಗದೆ ಉಳಿಯುವುದು ಯಾವುದೋ ಅದೇ ಗುರುತಿಸುವ ಲಕ್ಷಣ.

ಕಾಲೇಜಿನ ಪ್ರಯೋಗಾಲಯ ಮುಚ್ಚಿದ ಮೇಲೂ ಅಭ್ಯಾಸ ಮಾಡಬೇಕೆಂದರೆ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ರೂಪಿಸಿದ 'ಹಿಸ್ಟಾಲಜಿ ಗೈಡ್' ಜಾಲತಾಣ ಉಚಿತವಾಗಿದೆ. ಇಡೀ ಸ್ಲೈಡನ್ನು ಸರಿಸುತ್ತಾ, ಹಿಗ್ಗಿಸುತ್ತಾ ನೋಡಬಹುದು. ಅಲ್ಲೂ ಮೊದಲು ಕಡಿಮೆ ಹಿಗ್ಗಿಸಿಯೇ ಶುರು ಮಾಡಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳು ಮೂಲದಲ್ಲಿ ಕಪ್ಪು-ಬಿಳುಪು. ಪುಸ್ತಕದ ಮುಖಪುಟದಲ್ಲಿ ಕಾಣುವ ಬಣ್ಣ ಆಮೇಲೆ ಹಾಕಿದ್ದು.

ಸಾಮಾನ್ಯ ತಪ್ಪುಗಳು

ಬಹುಪದರದ ಅನುಲೇಪಕಕ್ಕೆ ಕೆಳಗಿನ ಪದರ ನೋಡಿ ಹೆಸರಿಡುವುದು. ಹೆಸರು ಯಾವತ್ತೂ ಮೇಲಿನ ಪದರದ್ದು. ಚರ್ಮದ ಬುಡದ ಕೋಶಗಳು ಚಪ್ಪಟೆಯಲ್ಲ, ಆದರೂ ಅದು ಚಪ್ಪಟೆ ಅನುಲೇಪಕವೇ.

ನೇರವಾಗಿ 40ಕ್ಕೆ ಹಾರುವುದು. ಮರ ಕಂಡಿತು, ಕಾಡು ಯಾವುದೆಂದು ತಿಳಿಯಲಿಲ್ಲ ಎಂಬ ಸ್ಥಿತಿ.

ಬಣ್ಣವನ್ನೇ ನಂಬುವುದು. ಬೆಳ್ಳಿ ಬಣ್ಣದಲ್ಲಿ ಅದೇ ನರಕೋಶ ಕಪ್ಪು. ಆಕಾರ, ಜೋಡಣೆ ನೋಡಿ.

ಕಾಣದ್ದನ್ನು ಬಿಡಿಸುವುದು. ಪುಸ್ತಕದಲ್ಲಿದೆ ಎಂದು ಸಿಲಿಯಾ ಹಾಕಬೇಡಿ. ನಿಮ್ಮ ಸ್ಲೈಡಿನಲ್ಲಿ ಉದುರಿಹೋಗಿದ್ದರೆ "ಕಾಣಲಿಲ್ಲ" ಎಂದು ಪ್ರಾಮಾಣಿಕವಾಗಿ ಬರೆಯಿರಿ. ಒಳ್ಳೆಯ ಪರೀಕ್ಷಕರು ಅದನ್ನು ಮೆಚ್ಚುತ್ತಾರೆ.

ಎಚ್ಚರಿಕೆ

40ರ ಲೆನ್ಸ್ ಬಂದ ಮೇಲೆ ದೊಡ್ಡ ತಿರುಪನ್ನು ಮುಟ್ಟಬೇಡಿ, ಸಣ್ಣ ತಿರುಪು ಮಾತ್ರ. ಇಲ್ಲದಿದ್ದರೆ ಸ್ಲೈಡ್ ಒಡೆಯುತ್ತದೆ, ಲೆನ್ಸೂ ಕೆಡುತ್ತದೆ. 10ರಲ್ಲಿ ಸ್ಪಷ್ಟವಾಗಿದ್ದು 40ರಲ್ಲಿ ಏನು ಮಾಡಿದರೂ ಮಂಜಾಗಿದ್ದರೆ ಸ್ಲೈಡನ್ನು ತಲೆಕೆಳಗಾಗಿ ಇಟ್ಟಿದ್ದೀರಿ ಎಂದು ಅನುಮಾನಿಸಿ. ಎಣ್ಣೆ 100ರ ಲೆನ್ಸಿಗೆ ಮಾತ್ರ. ಒರೆಸುವುದು ಲೆನ್ಸ್ ಪೇಪರಿನಿಂದ, ಏಪ್ರನ್ ಅಂಚಿನಿಂದಲ್ಲ. ಒಂದು ಕಣ್ಣು ಮುಚ್ಚಿ ನೋಡಿದರೆ ಬೇಗ ದಣಿವಾಗುತ್ತದೆ, ಎರಡೂ ತೆರೆದಿರಲಿ.

ಮತ್ತೊಂದು ಮಾತು. ಮನುಷ್ಯರ ಸ್ಲೈಡುಗಳಲ್ಲಿರುವುದು ಯಾರದೋ ದೇಹದ ತುಣುಕು. ಅದರ ಫೋಟೊ ತೆಗೆದು ತಮಾಷೆಯ ಅಡಿಬರಹದೊಂದಿಗೆ ವಾಟ್ಸಾಪ್‌ನಲ್ಲಿ ಹಂಚಬೇಡಿ.

ಕಲಿಸುವವರಲ್ಲಿ ಒಂದು ಕೋರಿಕೆ: ಪ್ರಾಯೋಗಿಕ ತರಗತಿಯ ಮೊದಲ ಹದಿನೈದು ನಿಮಿಷ ಎಲ್ಲರ ಅಟ್ಲಾಸ್ ಮುಚ್ಚಿಸಿ. ವಿದ್ಯಾರ್ಥಿಗಳಲ್ಲಿ ಇನ್ನೊಂದು: ರೆಕಾರ್ಡಿಗೆ ಹಾಕುವ ಚಿತ್ರ ಸ್ವಲ್ಪ ಸೊಟ್ಟಗಿದ್ದರೂ ಪರವಾಗಿಲ್ಲ, ಅದು ನಿಮ್ಮ ಸ್ಲೈಡಿನದೇ ಆಗಿರಲಿ.